ಹೊಲ ನಿಮ್ಮದು, ಅಡಿಯ ಕಲ್ಲು ಯಾರದು? ಅಗೆಯುವ ಮೊದಲು ಹಿಡಿಯಬೇಕಾದ ಕ್ರಮ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಒಂದೇ ಬಗೆಯ ಎಡವಟ್ಟು ಮತ್ತೆ ಮತ್ತೆ ನಡೆಯುತ್ತದೆ. ರಸ್ತೆ ಕೆಲಸದ ಗುತ್ತಿಗೆದಾರ ಬಂದು ಹೊಲದ ಮೂಲೆಯ ಗರಸಿನ (ಕಲ್ಲುಮಿಶ್ರಿತ ಮಣ್ಣಿನ) ದಿಬ್ಬ ತೋರಿಸಿ "ಗರಸು ಕೊಡಿ, ಟ್ರಿಪ್ಪಿಗೆ ಇಷ್ಟು" ಎನ್ನುತ್ತಾನೆ. ಸ್ಟಾಂಪ್ ಕಾಗದದ ಮೇಲೆ ಕರಾರು ಆಗುತ್ತದೆ, ನೋಟರಿ ಮುದ್ರೆ ಬೀಳುತ್ತದೆ, ಜೆಸಿಬಿ ಇಳಿಯುತ್ತದೆ. ಕೆಲ ತಿಂಗಳ ಮೇಲೆ ದಂಡದ ನೋಟಿಸ್ ಬರುತ್ತದೆ. ಅದು ಬರುವುದು ಉತಾರದಲ್ಲಿ (ಪಹಣಿಯಲ್ಲಿ) ಯಾರ ಹೆಸರಿದೆಯೋ ಅವರ ಮನೆಗೆ. ಅಷ್ಟು ಹೊತ್ತಿಗೆ ಗುತ್ತಿಗೆದಾರ ಬೇರೆ ತಾಲ್ಲೂಕಿನಲ್ಲಿ ಬೇರೆ ದಿಬ್ಬ ತೋರಿಸುತ್ತಿರುತ್ತಾನೆ.

ತಪ್ಪು ಬಹುತೇಕ ಕ್ರಮದಲ್ಲಿ ಆಗುತ್ತದೆ. ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡುತ್ತೇವೆ, ಕೊನೆಗೆ ಮಾಡಬೇಕಾದ ಸಹಿಯನ್ನು ಮೊದಲೇ ಹಾಕಿಬಿಡುತ್ತೇವೆ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಅನುಸರಿಸಿ.

## ಶುರುವಿಗೆ ಮುನ್ನ: ಕಾನೂನು ಏನು ಹೇಳುತ್ತದೆ

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 70ನೇ ಕಲಂ ನೇರವಾಗಿಯೇ ಇದೆ: ಸರ್ಕಾರದ ಮಂಜೂರಾತಿಯ ಷರತ್ತಿನಲ್ಲಾಗಲಿ ಜಾರಿಯಲ್ಲಿರುವ ಕಾನೂನಿನಲ್ಲಾಗಲಿ ಸ್ಪಷ್ಟವಾಗಿ ಬೇರೆ ಹೇಳಿರದಿದ್ದರೆ, ಗಣಿ, ಖನಿಜ ಮತ್ತು ಖನಿಜ ಉತ್ಪನ್ನಗಳ ಹಕ್ಕು ಸಂಪೂರ್ಣವಾಗಿ ರಾಜ್ಯ ಸರ್ಕಾರದ್ದು. ಅದಕ್ಕೂ ಮೊದಲು ನಮ್ಮ ಭಾಗಕ್ಕೆ ಅನ್ವಯಿಸುತ್ತಿದ್ದದ್ದು 1879ರ ಮುಂಬೈ ಭೂಕಂದಾಯ ಸಂಹಿತೆ. ಅದರ 69ನೇ ಕಲಂ ಕೂಡ ಇನಾಮಾಗಿ ಬಿಟ್ಟುಕೊಡದ ಜಮೀನುಗಳ ಖನಿಜವನ್ನು ಸರ್ಕಾರಕ್ಕೇ ಕಾಯ್ದಿರಿಸಿತ್ತು. ಆಗಿನ ರೈತರಿಗೆ ಮೊದಲಿನಿಂದಲೇ ಇದ್ದ ಹಕ್ಕುಗಳಿಗೆ ಮಾತ್ರ ಅದು ಧಕ್ಕೆ ಮಾಡಿರಲಿಲ್ಲ.

ಇಲ್ಲಿ ಒಂದು ವಾಟ್ಸ್‌ಆ್ಯಪ್ ಸಂದೇಶದ ಬಗ್ಗೆ ಹೇಳಲೇಬೇಕು. "ಭೂಮಿಯ ಅಡಿಯ ಖನಿಜ ಭೂಮಾಲೀಕನದೇ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ" ಎಂಬ ಆ ಸಂದೇಶ ವರ್ಷಕ್ಕೊಮ್ಮೆಯಾದರೂ ಸುತ್ತುತ್ತದೆ. ತೀರ್ಪು ನಿಜ. 2013ರ ಜುಲೈನಲ್ಲಿ ಥ್ರೇಸಿಯಮ್ಮ ಜೇಕಬ್ ಪ್ರಕರಣದಲ್ಲಿ ಬಂದದ್ದು. ಆದರೆ ಅದು ಕೇರಳದ ಮಲಬಾರಿನ ಜನ್ಮಿ (ಪರಂಪರೆಯಿಂದ ಪೂರ್ಣ ಒಡೆತನದ) ಜಮೀನುಗಳ ಕುರಿತಾದದ್ದು. ಕಾನೂನುಬದ್ಧವಾಗಿ ಕಿತ್ತುಕೊಳ್ಳದ ಹೊರತು ಅಡಿಯ ಖನಿಜ ಭೂಮಾಲೀಕನಿಗೆ ಸೇರಿದ್ದು ಎಂದು ನ್ಯಾಯಪೀಠ ಹೇಳಿತು. ನಮ್ಮಲ್ಲಿ 70ನೇ ಕಲಂ ಕಣ್ಣೆದುರೇ ಕೂತಿದೆ. ಮಲಬಾರಿನ ತೀರ್ಪಿನ ಪ್ರತಿ ಹಿಡಿದು ನವಲಗುಂದದ ಹೊಲ ಅಗೆಯಲು ಹೊರಟರೆ ತಹಸೀಲ್ದಾರರ ಮುಂದೆ ಮೊದಲ ಐದು ನಿಮಿಷವೂ ನಿಲ್ಲಲಾಗದು. ರಾಜಧನದ, ಅಂದರೆ ಖನಿಜಕ್ಕೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿಯ, ಪ್ರಶ್ನೆಯನ್ನು ಆ ಪೀಠ ಬಗೆಹರಿಸಲೂ ಇಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜಧನ ತೆರಿಗೆಯಲ್ಲ, ಖನಿಜ ಹಕ್ಕುಗಳ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೆ ಇದೆ ಎಂದು ಬಹುಮತದಿಂದ ಹೇಳಿತು.

ಹಾಗಾದರೆ ರೈತನ ಕೈಯಲ್ಲಿ ಏನು ಉಳಿಯಿತು? ಮೇಲ್ಮೈ ಉಳಿಯಿತು. ಆ ಮೇಲ್ಮೈ ಮುಟ್ಟಬೇಕಾದರೆ ಬೇಕಾಗುವ ಒಪ್ಪಿಗೆ ಉಳಿಯಿತು, ಮುಟ್ಟಿದರೆ ಸಿಗಬೇಕಾದ ಪರಿಹಾರ ಉಳಿಯಿತು. ಮಾರಲು, ಚೌಕಾಸಿ ಮಾಡಲು, ತಡೆಯಲು ನಿಮಗಿರುವ ಬಲ ಇಷ್ಟೇ. ಇದೇನು ಸಣ್ಣ ಬಲವಲ್ಲ. ಅದನ್ನು ಖಾಲಿ ಕಾಗದದ ಸಹಿಗೆ ಕೊಟ್ಟುಬಿಡುವುದೇ ಇಲ್ಲಿಯ ಮುಖ್ಯ ತಪ್ಪು.

## ಕೈಯಲ್ಲಿ ಇರಬೇಕಾದವು

ಇತ್ತೀಚಿನ ಉತಾರ. ಹಿಂದಿನ ಫೇರಫಾರು (ಹಕ್ಕು ಬದಲಾವಣೆ) ನಕಲುಗಳು. ಭೂಮಾಪನದ ದಾಖಲೆಗಳಾದ ಆಕಾರಬಂದ್, ಟಿಪ್ಪಣಿ, ಹಿಸ್ಸಾ ನಕ್ಷೆ. ಉಪನೋಂದಣಿ ಕಚೇರಿಯ ಋಣಭಾರ ಪತ್ರ. ಜಮೀನು ಮಂಜೂರಾದದ್ದಾಗಿದ್ದರೆ ಮಂಜೂರಾತಿ ಆದೇಶ, ಇನಾಮಾಗಿದ್ದರೆ ಸನದು, ಅಂದರೆ ಇನಾಮು ಕೊಟ್ಟ ಪತ್ರ. ಮೊಬೈಲ್‌ನಲ್ಲಿ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್. ಜೊತೆಗೆ, ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಬರೆಸಿಕೊಳ್ಳಲು ಒಂದೊಂದು ಹೆಚ್ಚುವರಿ ಪ್ರತಿ.

## ಹಂತ 1: ಜಮೀನಿನ ಕಾಗದ ಓದಿ

ಎಲ್ಲರೂ ಅವಸರ ಮಾಡುವುದು ಇಲ್ಲಿಯೇ. ನಿಜಕ್ಕೂ ಹೆಚ್ಚು ದಿನ ಕಳೆಯಬೇಕಾದ ಹಂತ ಇದೊಂದೇ.

ಖರಾಬು ನೋಡಿ. ಕಲ್ಲು, ಗರಸು ಇರುವ ದಿಬ್ಬ ಸಾಮಾನ್ಯವಾಗಿ ಸಾಗುವಳಿಗೆ ಬಾರದ ಭಾಗ. ಉತಾರದಲ್ಲಿ ಅದು ಖರಾಬು ಎಂದು ದಾಖಲಾಗಿರುತ್ತದೆ. 'ಅ' ಖರಾಬು ಆಗಿದ್ದರೆ ಅದು ನಿಮ್ಮ ಹಿಡುವಳಿಯೊಳಗಿನ ಸಾಗುವಳಿಗೆ ಯೋಗ್ಯವಲ್ಲದ ಭಾಗ. 'ಬ' ಖರಾಬು ಆಗಿದ್ದರೆ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟದ್ದು: ಹಳ್ಳ, ಬಂಡಿದಾರಿ, ಸ್ಮಶಾನ ಇತ್ಯಾದಿ. 'ಬ' ಖರಾಬಿನ ಮೇಲೆ ನೀವು ಕೊಡುವ ಒಪ್ಪಿಗೆಗೆ ಬೆಲೆಯಿಲ್ಲ. ಅಲ್ಲಿ ಅಗೆದರೆ ಸರ್ಕಾರಿ ಜಾಗದಲ್ಲಿ ಅಗೆದಂತೆಯೇ. ದಿಬ್ಬದ ಅರ್ಧ 'ಅ', ಅರ್ಧ 'ಬ' ಇರುವುದೂ ಉಂಟು. ಆಗ ಅಳತೆಯಿಲ್ಲದೆ ಒಂದು ಬುಟ್ಟಿಯನ್ನೂ ಎತ್ತಬೇಡಿ.

11ನೇ ಕಾಲಂ ಓದಿ. ಬೆಳೆಸಾಲ, ಬ್ಯಾಂಕಿನ ಬೋಜಾ, ನ್ಯಾಯಾಲಯದ ತಡೆ, ಸರ್ಕಾರದ ಷರತ್ತು ಎಲ್ಲವೂ ಇಲ್ಲಿರುತ್ತವೆ. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಅಡವಿಟ್ಟ ಹೊಲದಲ್ಲಿ ಗುಂಡಿ ತೋಡುವುದೆಂದರೆ ಅಡವಿನ ಬೆಲೆಯನ್ನೇ ತೋಡಿದಂತೆ.

ಮಂಜೂರಾದ ಜಮೀನೇ? ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದ ಕುಟುಂಬಕ್ಕೆ ಸರ್ಕಾರ ಕೊಟ್ಟ ಜಮೀನಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಆ ಕಾಯ್ದೆಯಲ್ಲಿ ಪರಭಾರೆ ಎಂದರೆ ಮಾರಾಟವಷ್ಟೇ ಅಲ್ಲ, ಗುತ್ತಿಗೆಯೂ ಅದರಲ್ಲಿ ಸೇರಿದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಟ್ಟ ಗುತ್ತಿಗೆ ನಿಲ್ಲುವುದಿಲ್ಲ. "ನಾವು ಮಾರುತ್ತಿಲ್ಲವಲ್ಲ, ಗರಸು ಮಾತ್ರ ಕೊಡುತ್ತಿದ್ದೇವೆ" ಎಂಬ ವಾದ ಮಾಡಿ ಸೋತವರಿದ್ದಾರೆ.

ಇನಾಮು, ಸಂಸ್ಥಾನದ ಜಮೀನೇ? 70ನೇ ಕಲಮಿನ "ಸ್ಪಷ್ಟವಾಗಿ ಬೇರೆ ಹೇಳಿರದಿದ್ದರೆ" ಎಂಬ ಬಾಗಿಲು ತೆರೆಯಬಹುದಾದದ್ದು ಇಂಥ ಕಡೆ ಮಾತ್ರ. ತಾನೇ ಸಂಸ್ಥಾನವಾಗಿದ್ದ ಸವಣೂರು, ಸಾಂಗಲಿ ಸಂಸ್ಥಾನದಲ್ಲಿದ್ದ ಶಿರಹಟ್ಟಿ, ಜಮಖಂಡಿಗೆ ಸೇರಿದ್ದ ಕುಂದಗೋಳ ಮುಂತಾದ ಕಡೆಯ ಹಳೆಯ ಸನದುಗಳಲ್ಲಿ ಖನಿಜದ ಮಾತು ಇದೆಯೇ ಎಂದು ಓದಿಸಬೇಕು. ಸನದಿನಲ್ಲಿ ಅಕ್ಷರಶಃ ಖನಿಜದ ಹಕ್ಕು ಬರೆದಿರಬೇಕು. "ಜಲ, ತರು, ಪಾಷಾಣ ಸಹಿತ" ಎಂಬ ಮಾತಿನ ಅರ್ಥವನ್ನು ವಕೀಲರು ನ್ಯಾಯಾಲಯದಲ್ಲಿ ಕಟ್ಟಬೇಕೇ ಹೊರತು ನೀವು ಜೆಸಿಬಿಯಿಂದ ಕಟ್ಟಬಾರದು. ಗದಗ, ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ನಿಮ್ಮ ಜಿಲ್ಲೆಯ ದಾಖಲೆ ಕೊಠಡಿಯಲ್ಲಿ ಹಳೆಯ ಕಡತ ಸಿಗದಿದ್ದರೆ ಧಾರವಾಡದಲ್ಲಿ ಹುಡುಕಿಸಿ. ಹಕ್ಕು ಸಾಬೀತಾದರೂ ಪರವಾನಗಿ, ಪರಿಸರ ಅನುಮತಿ ತಪ್ಪುವುದಿಲ್ಲ ಎಂಬುದನ್ನು ಮರೆಯಬೇಡಿ.

ಯಾರ‍್ಯಾರು ಪಾಲುದಾರರು? ಜಂಟಿ ಹೆಸರಿದ್ದರೆ ಎಲ್ಲರ ಸಹಿ ಬೇಕು. ಪಿತ್ರಾರ್ಜಿತವಾದರೆ ಮದುವೆಯಾಗಿ ಹೋದ ಅಕ್ಕತಂಗಿಯರ ಹಕ್ಕನ್ನೂ ಎಣಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಮಗಳೂ ಮಗನಷ್ಟೇ ಸಹಭಾಗಿ. ಗಣಿ ಇಲಾಖೆಗೆ ತಕರಾರು ಅರ್ಜಿ ಬರುವುದು ಹೆಚ್ಚಾಗಿ ಮನೆಯೊಳಗಿನಿಂದಲೇ.

ಹದ್ದುಬಸ್ತು ಮಾಡಿಸಿ. ಭೂಮಾಪನ ಇಲಾಖೆಗೆ ಅರ್ಜಿ ಹಾಕಿ ಗಡಿ ಗುರುತು ಮಾಡಿಸಿ. ದಿಶಾಂಕ್ ಅಂದಾಜಿಗೆ ಒಳ್ಳೆಯದು, ಸಾಕ್ಷಿಗೆ ಅಲ್ಲ.

## ಹಂತ 2: ಯಾವ ಖನಿಜ ಎಂದು ಮೊದಲೇ ತಿಳಿಯಿರಿ

1957ರ ಗಣಿ ಮತ್ತು ಖನಿಜ ಕಾಯ್ದೆ ಖನಿಜಗಳನ್ನು ಎರಡಾಗಿ ನೋಡುತ್ತದೆ. ಕಟ್ಟಡದ ಕಲ್ಲು, ಜಲ್ಲಿಕಲ್ಲು, ಸಾಧಾರಣ ಜೇಡಿಮಣ್ಣು, ಸಾಧಾರಣ ಮರಳು ಉಪಖನಿಜಗಳು. ಇವುಗಳ ನಿಯಮ ಮಾಡುವ ಅಧಿಕಾರ ರಾಜ್ಯದ್ದು. ನಮ್ಮಲ್ಲಿ ಅದು ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994. ಆಮೇಲೆ ಹಲವು ತಿದ್ದುಪಡಿಗಳಾಗಿವೆ; ತಿದ್ದುಪಡಿ ಸೇರಿಸಿದ ಪ್ರತಿಯನ್ನೇ ಓದಿ.

ಕಟ್ಟೆ, ರಸ್ತೆ, ರೈಲುಹಳಿ, ಕಟ್ಟಡಗಳಿಗೆ ತುಂಬಲು, ಮಟ್ಟ ಮಾಡಲು ಬಳಸುವ ಸಾಧಾರಣ ಮಣ್ಣನ್ನು ಕೇಂದ್ರ ಸರ್ಕಾರ 2000ರ ಫೆಬ್ರುವರಿಯಲ್ಲಿ ಉಪಖನಿಜ ಎಂದು ಘೋಷಿಸಿದೆ. "ಇದು ಬರೀ ಮಣ್ಣು, ಖನಿಜವಲ್ಲ" ಎನ್ನುವವರ ಮಾತು ಅಲ್ಲಿಗೇ ಮುಗಿಯಿತು.

ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಪ್ರಧಾನ ಖನಿಜಗಳು. ಕಪ್ಪತಗುಡ್ಡದ ಸುತ್ತಿನವರು "ನಮ್ಮ ಹೊಲದಲ್ಲಿ ಚಿನ್ನದ ಅಂಶವಿದೆಯಂತೆ" ಎಂದು ಕೇಳುತ್ತಿರುತ್ತಾರೆ. ಇದ್ದರೂ ಅರ್ಜಿ ಹಾಕಿ ಪಡೆಯುವ ದಾರಿ ಇಲ್ಲ. 2015ರ ತಿದ್ದುಪಡಿಯ ನಂತರ ಇಂಥ ಗುತ್ತಿಗೆ ಹರಾಜಿನಲ್ಲಿ ಹೋಗುತ್ತದೆ.

ಬೆಣಚುಕಲ್ಲಿನ ವಿಷಯದಲ್ಲಿ ಹಳೆಯ ಸಲಹೆ ನಂಬಬೇಡಿ. 2015ರಲ್ಲಿ ಉಪಖನಿಜವಾಗಿದ್ದ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಅಭ್ರಕಗಳನ್ನು 2025ರ ಫೆಬ್ರುವರಿಯಲ್ಲಿ ಮತ್ತೆ ಪ್ರಧಾನ ಖನಿಜಗಳ ಸಾಲಿಗೆ ಸೇರಿಸಲಾಗಿದೆ.

ಅಗೆಯುವಾಗ ಹಳೆಯ ನಾಣ್ಯ, ಒಡವೆ ಸಿಕ್ಕರೆ ಅದು ಖನಿಜವೂ ಅಲ್ಲ, ನಿಮ್ಮದೂ ಅಲ್ಲ. ಅದಕ್ಕೆ 1962ರ ನಿಧಿ ಕಾಯ್ದೆ ಬೇರೆಯೇ ಇದೆ. ಕೆಲಸ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿ.

## ಹಂತ 3: ಸ್ವಂತಕ್ಕೋ, ಹೊರಗೆ ಸಾಗಿಸಲೋ?

ಬಾವಿ ತೋಡುವುದು, ನೆರೆ ಬಂದು ಹೊಲದಲ್ಲಿ ಬಿದ್ದ ಉಸುಕನ್ನು ರೈತ ತೆಗೆಯುವುದು, ಕುಂಬಾರರು ಜೇಡಿಮಣ್ಣು ತೆಗೆಯುವುದು, ಊರಿನ ಕೆರೆ ಹೂಳೆತ್ತುವುದು ಇವಕ್ಕೆ ಪೂರ್ವ ಪರಿಸರ ಅನುಮತಿ ಬೇಡ ಎಂದು 2016ರ ಜನವರಿಯ ಕೇಂದ್ರ ಅಧಿಸೂಚನೆ ಹೇಳುತ್ತದೆ. ತುಂಗಭದ್ರೆ, ವರದೆ, ಮಲಪ್ರಭೆ, ಬೆಣ್ಣಿಹಳ್ಳದ ದಂಡೆಯ ರೈತರಿಗೆ ಇದು ಮುಖ್ಯ. ಆದರೆ ವಿನಾಯಿತಿ ಪರಿಸರ ಅನುಮತಿಗೆ ಮಾತ್ರ. ಅದೇ ಉಸುಕನ್ನು ಟಿಪ್ಪರ್‌ಗೆ ತುಂಬಿ ಮಾರಲು ಹೊರಟರೆ ಗಣಿ ಇಲಾಖೆಯ ಪರವಾನಗಿ ಬೇಕು. ನದಿಯ ಪಾತ್ರದ ಉಸುಕಂತೂ ದಂಡೆಯ ಹೊಲದವನದಲ್ಲ.

ಮನೆಯ ಪಾಯದ ಮಣ್ಣನ್ನು ಅದೇ ನಿವೇಶನದಲ್ಲಿ ತುಂಬಿಕೊಂಡರೆ ರಾಜಧನದ ಪ್ರಶ್ನೆ ಏಳುವುದಿಲ್ಲ ಎಂಬ ಅರ್ಥದ ತೀರ್ಪು 2014ರ ಡಿಸೆಂಬರಿನಲ್ಲಿ ಪುಣೆಯ ಕಟ್ಟಡ ನಿರ್ಮಾಪಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಿಂದ ಬಂದಿದೆ. ಹುಬ್ಬಳ್ಳಿಯಲ್ಲಿ ಕಟ್ಟಡ ಕಟ್ಟುವವರಿಗೆ ಇದು ಉಪಯೋಗದ ತೀರ್ಪು. ನಿವೇಶನದ ಗಡಿ ದಾಟಿಸಿದಾಗ ಲೆಕ್ಕ ಬದಲಾಗುತ್ತದೆ.

ಕೃಷಿ ಹೊಂಡದ ಮಣ್ಣನ್ನು ಬದುವಿಗೆ ಹಾಕಿಕೊಳ್ಳಿ. "ಹೊಂಡ ನಾವು ಪುಕ್ಕಟೆ ತೋಡುತ್ತೇವೆ, ಮಣ್ಣು ನಮಗೆ" ಎಂದು ಯಾರಾದರೂ ಬಂದರೆ ಅದು ಹೊಂಡವಲ್ಲ, ಕ್ವಾರಿ. ಹೊಂಡದ ಆಳ ನಾಲ್ಕು ಪಟ್ಟಾದಾಗ ಯಾವ ಅಧಿಕಾರಿಯೂ ಅದನ್ನು ಹೊಂಡ ಎಂದು ಒಪ್ಪುವುದಿಲ್ಲ.

## ಹಂತ 4: ಅಗೆಯಲಾಗದ ಜಾಗವೇ ಎಂದು ನೋಡಿ

ಅರ್ಜಿ, ಅಳತೆ, ವಕೀಲರಿಗೆ ಖರ್ಚು ಮಾಡುವ ಮೊದಲು ಇದನ್ನು ಮುಗಿಸಿ.

ಕಪ್ಪತಗುಡ್ಡ 2019ರ ಮೇ ತಿಂಗಳಿನಿಂದ ವನ್ಯಜೀವಿ ಧಾಮ; ವಿಸ್ತಾರ ಸುಮಾರು 244 ಚದರ ಕಿಲೋಮೀಟರ್, ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿದೆ. ಹಾವೇರಿ ಜಿಲ್ಲೆಯಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗ ಧಾಮವಿದೆ. ಧಾಮದೊಳಗೆ ಮತ್ತು ಅದರ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಗಣಿಗಾರಿಕೆಗೆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಜಮೀನು ಖಾಸಗಿ ಎಂಬುದರಿಂದ ಇದು ಸಡಿಲವಾಗುವುದಿಲ್ಲ. ಗಡಿಯ ದೂರವನ್ನು ಅರಣ್ಯ ಇಲಾಖೆಯಿಂದಲೇ ಬರಹದಲ್ಲಿ ಪಡೆಯಿರಿ.

ಲಕ್ಕುಂಡಿಯಂಥ ಊರುಗಳಲ್ಲಿ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ. ರಸ್ತೆ, ರೈಲುಹಳಿ, ಬೇರೆಯವರ ಕಟ್ಟಡಗಳಿಂದ 45 ಮೀಟರ್ ಒಳಗೆ ಅನುಮತಿಯಿಲ್ಲದೆ ಅಗೆಯುವಂತಿಲ್ಲ, ಗಣಿಯ ಗಡಿಯಿಂದ 7.5 ಮೀಟರ್ ಬಿಡಬೇಕು ಎಂದು 1961ರ ಲೋಹ ಗಣಿ ನಿಯಮಾವಳಿ ಹೇಳುತ್ತದೆ. ಎರಡೆಕರೆಯ ಉದ್ದನೆಯ ಪಟ್ಟಿಯಂಥ ಹೊಲದಲ್ಲಿ ನಾಲ್ಕೂ ಕಡೆ ಇಷ್ಟು ಬಿಟ್ಟರೆ ಉಳಿಯುವುದೆಷ್ಟು ಎಂದು ನಕ್ಷೆಯ ಮೇಲೆ ಗೆರೆ ಹಾಕಿ ನೋಡಿ. ಬಹಳ ಜನರ ಉತ್ಸಾಹ ಈ ಗೆರೆಗೇ ಇಳಿದುಹೋಗುತ್ತದೆ, ಇಳಿದುಹೋಗುವುದು ಒಳ್ಳೆಯದೇ.

## ಹಂತ 5: ಒಪ್ಪಿಗೆ ಪತ್ರ ಬರೆಸಿ

ಖಾಸಗಿ ಜಮೀನಿನ ಕಟ್ಟಡ ಕಲ್ಲಿಗೆ ಮಾಲೀಕ ತಾನೇ ಅರ್ಜಿ ಹಾಕಬಹುದು, ಇಲ್ಲವೇ ಅವನ ಒಪ್ಪಿಗೆ ಪಡೆದವನು ಹಾಕಬಹುದು. ನಿಮ್ಮ ನಿಜವಾದ ಚೌಕಾಸಿ ಈ ಒಪ್ಪಿಗೆಯಲ್ಲಿದೆ.

ಪತ್ರದಲ್ಲಿ "ಖನಿಜವನ್ನು ಮಾರಿದ್ದೇನೆ" ಎಂಬ ಮಾತು ಬರಲೇಬಾರದು. ನಿಮ್ಮದಲ್ಲದ್ದನ್ನು ಮಾರಿದೆನೆಂದು ನೀವೇ ಬರೆದುಕೊಟ್ಟಂತಾಗುತ್ತದೆ. "ಪರವಾನಗಿ ಸಿಕ್ಕ ಮೇಲೆ, ಪರವಾನಗಿಯ ಷರತ್ತಿನಂತೆ ಮೇಲ್ಮೈ ಬಳಸಲು ಒಪ್ಪಿಗೆ" ಎಂದಿರಲಿ. ಸರ್ವೆ ನಂಬರ್, ಹಿಸ್ಸಾ, ಚೆಕ್ಕುಬಂದಿ, ಗರಿಷ್ಠ ಆಳ, ಅವಧಿ, ಹಣ ಎಷ್ಟು, ಟ್ರಿಪ್ಪಿಗೋ ಟನ್ನಿಗೋ, ತೂಕದ ಚೀಟಿ ಯಾರ ಕೈಗೆ ಎಂಬುದೆಲ್ಲ ಬರೆದಿರಬೇಕು. ಮೇಲಿನ ಎರೆಮಣ್ಣನ್ನು ಬೇರೆ ರಾಶಿ ಹಾಕಿ ಕೊನೆಗೆ ಮರಳಿ ಹರಡಬೇಕು, ಗುಂಡಿಗೆ ಬೇಲಿ ಹಾಕಬೇಕು, ದಂಡ ಬಂದರೆ ಗುತ್ತಿಗೆದಾರನೇ ತೆರಬೇಕು ಎಂಬ ಷರತ್ತು ಸೇರಿಸಿ. ದಂಡದ ಷರತ್ತು ಇಲಾಖೆಯನ್ನು ತಡೆಯುವುದಿಲ್ಲ, ಆದರೆ ಆಮೇಲೆ ಅವನಿಂದ ವಸೂಲಿ ಮಾಡಲು ಆಧಾರವಾಗುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ನೋಟರಿ ಮುದ್ರೆ ನೋಂದಣಿಯಲ್ಲ.

ಎಚ್ಚರಿಕೆಯ ಗುರುತುಗಳು: ಖಾಲಿ ಸ್ಟಾಂಪ್ ಕಾಗದಕ್ಕೆ ಸಹಿ ಕೇಳುವುದು. ಮುಖ್ತಿಯಾರ ಪತ್ರ (ಪವರ್ ಆಫ್ ಅಟಾರ್ನಿ) ಬರೆದುಕೊಡಿ ಎನ್ನುವುದು. "ಕಚೇರಿಯಲ್ಲಿ ಎಲ್ಲ ನಮ್ಮವರೇ" ಎನ್ನುವುದು. ಪರವಾನಗಿ ಬರುವ ಮೊದಲೇ ಮುಂಗಡ ಕೊಟ್ಟು ಯಂತ್ರ ತಂದು ನಿಲ್ಲಿಸುವುದು. ಕೊನೆಯದನ್ನು ಕಂಡ ದಿನವೇ ಮಾತುಕತೆ ನಿಲ್ಲಿಸಿ.

ಗಾಳಿಯಂತ್ರ, ಸೌರ ವಿದ್ಯುತ್ ಕಂಪನಿಗೆ ಜಮೀನು ಗುತ್ತಿಗೆ ಕೊಟ್ಟ ಗದಗ ಸೀಮೆಯ ರೈತರು ತಮ್ಮ ಕರಾರನ್ನೂ ಒಮ್ಮೆ ತೆರೆದು ನೋಡಬೇಕು. ಒಳರಸ್ತೆಗೆ ಅಲ್ಲಿಯ ಗರಸು ಬಳಸಲು ಬಿಟ್ಟಿದ್ದೀರಾ, ಬಿಟ್ಟಿದ್ದರೆ ಅದರ ಪರವಾನಗಿ ಯಾರ ಹೊಣೆ ಎಂಬುದು ಅದರಲ್ಲಿ ಇರಬೇಕು.

## ಹಂತ 6: ಅರ್ಜಿ ಮತ್ತು ಅನುಮತಿ

ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಅರ್ಜಿ. ಅಲ್ಲಿಂದ ಕಂದಾಯ, ಅರಣ್ಯ ಮುಂತಾದ ಇಲಾಖೆಗಳ ಅಭಿಪ್ರಾಯ, ಸ್ಥಳ ಪರಿಶೀಲನೆ. ಆಮೇಲೆ ಮಾನ್ಯತೆ ಪಡೆದ ತಜ್ಞರಿಂದ ಕ್ವಾರಿ ಯೋಜನೆ, ರಾಜ್ಯ ಮಟ್ಟದ ಪರಿಸರ ಪ್ರಾಧಿಕಾರದ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಕೊನೆಗೆ ಗುತ್ತಿಗೆ ಪತ್ರ. ಐದು ಹೆಕ್ಟೇರಿಗಿಂತ ಸಣ್ಣದಾದರೆ ಪರಿಸರ ಅನುಮತಿ ಬೇಡ ಎಂಬುದು 2012ರ ಫೆಬ್ರುವರಿಗಿಂತ ಹಿಂದಿನ ಮಾತು. ಆಗ ದೀಪಕ್ ಕುಮಾರ್ ಪ್ರಕರಣದಲ್ಲಿ ಬಂದ ಸುಪ್ರೀಂ ಕೋರ್ಟ್ ಆದೇಶದ ನಂತರ ಸಣ್ಣ ಗುತ್ತಿಗೆಗೂ ಬೇಕು. ಕೃಷಿ ಜಮೀನಾದ್ದರಿಂದ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಭೂಪರಿವರ್ತನೆಯ ಬಗ್ಗೆ ತಹಸೀಲ್ದಾರ್ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಜಲ್ಲಿ ಕ್ರಷರ್ ಹಾಕುವುದಾದರೆ ಅದಕ್ಕೆ 2011ರ ಕಾಯ್ದೆಯ ಪ್ರತ್ಯೇಕ ಪರವಾನಗಿ ಇದೆ. ಕ್ವಾರಿಯ ಕಾಗದ ಅದಕ್ಕೆ ನಡೆಯುವುದಿಲ್ಲ.

ಅರ್ಜಿ ಕೊಟ್ಟದ್ದು ಅನುಮತಿಯಲ್ಲ. ಶುಲ್ಕ ಕಟ್ಟಿದ ರಸೀದಿಯೂ ಅನುಮತಿಯಲ್ಲ. ಈ ಎರಡನ್ನು ಲ್ಯಾಮಿನೇಟ್ ಮಾಡಿಸಿ ಟಿಪ್ಪರ್‌ನಲ್ಲಿ ಇಟ್ಟುಕೊಂಡವರು ಚೆಕ್‌ಪೋಸ್ಟಿನಲ್ಲಿ ಪ್ರತಿ ವಾರ ಸಿಗುತ್ತಾರೆ.

## ಹಂತ 7: ಮೊದಲ ಬುಟ್ಟಿಗೆ ಮುನ್ನ ಹಳೆಯ ಗುಂಡಿಯ ದಾಖಲೆ

ದಂಡ ಲೆಕ್ಕ ಹಾಕುವಾಗ ಗುಂಡಿಯ ಉದ್ದ, ಅಗಲ, ಆಳ ಅಳೆಯುತ್ತಾರೆ. ಅದರಲ್ಲಿ ನಿಮ್ಮ ಅಜ್ಜ ಮನೆ ಕಟ್ಟಲು ತೆಗೆದ ಕಲ್ಲಿನ ಗುಂಡಿಯೂ ಸೇರಿಬಿಡುತ್ತದೆ. ಆದ್ದರಿಂದ ಕೆಲಸ ಶುರುವಾಗುವ ಮೊದಲು ಹಳೆಯ ಗುಂಡಿಯನ್ನು ಅಳತೆ ಮಾಡಿಸಿ, ಪಂಚರ ಸಹಿಯೊಂದಿಗೆ ಪಂಚನಾಮೆ ಬರೆಸಿ, ದಿನಾಂಕ ಮತ್ತು ಸ್ಥಳ ಮೂಡುವ ಫೋಟೊ ತೆಗೆದಿಡಿ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳು ಸಿಗುತ್ತವೆ. ಗುಂಡಿ ಯಾವ ವರ್ಷದಿಂದ ಇದೆ ಎಂದು ತೋರಿಸಲು ಇಷ್ಟು ಅಗ್ಗದ ಸಾಕ್ಷಿ ಬೇರೆ ಇಲ್ಲ.

ಕೆಲಸ ನಡೆಯುವಾಗ ಪ್ರತಿ ವಾಹನದ ಸಾಗಣೆ ಪರವಾನಗಿಯಲ್ಲಿ ನಿಮ್ಮದೇ ಸರ್ವೆ ನಂಬರ್ ಇದೆಯೇ ನೋಡಿ. ಬೇರೆ ಕ್ವಾರಿಯ ಪರವಾನಗಿಯಲ್ಲಿ ನಿಮ್ಮ ಹೊಲದ ಕಲ್ಲು ಹೋಗುತ್ತಿದ್ದರೆ ಅಂದೇ ತಡೆಯಿರಿ. ರಾತ್ರಿ ವಾಹನ ಓಡಾಡಿದರೂ ಹಾಗೆಯೇ.

## ಒಪ್ಪಿಗೆ ಇಲ್ಲದೆ ಯಾರೋ ಅಗೆದರೆ, ನೋಟಿಸ್ ಬಂದರೆ

ಅನಧಿಕೃತ ಗಣಿಗಾರಿಕೆಗೆ 1957ರ ಕಾಯ್ದೆಯ 21ನೇ ಕಲಮಿನಲ್ಲಿ ಐದು ವರ್ಷದವರೆಗೆ ಸೆರೆ, ಹೆಕ್ಟೇರಿಗೆ ಐದು ಲಕ್ಷ ರೂಪಾಯಿವರೆಗೆ ದಂಡವಿದೆ. ತೆಗೆದ ಖನಿಜದ ಬೆಲೆ, ರಾಜಧನ ವಸೂಲಿ ಬೇರೆ. ವಾಹನ, ಯಂತ್ರ ಜಪ್ತಿಯೂ ಆಗಬಹುದು. ಕಳವಿನ ಪ್ರಕರಣವನ್ನೂ ಜೊತೆಗೆ ದಾಖಲಿಸಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ಬೇರೆಯವರು ಅಗೆದದ್ದಾದರೆ ನಿಮ್ಮ ರಕ್ಷಣೆ ನಿಮ್ಮ ದೂರಿನ ದಿನಾಂಕ. ಕಂಡ ದಿನವೇ ಗ್ರಾಮ ಆಡಳಿತ ಅಧಿಕಾರಿ, ತಹಸೀಲ್ದಾರ್, ಗಣಿ ಇಲಾಖೆ, ಪೊಲೀಸ್ ಠಾಣೆ ನಾಲ್ಕಕ್ಕೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರನ್ನು ಆಮೇಲೆ ಯಾರೂ ನೆನಪಿಟ್ಟಿರುವುದಿಲ್ಲ.

ನೋಟಿಸ್ ಬಂದರೆ ಸುಮ್ಮನಿರಬೇಡಿ, ದಂಡ ಕಟ್ಟಲು ಓಡಲೂ ಬೇಡಿ. ಕೊಟ್ಟ ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟು, ಅಳತೆಯ ಪ್ರತಿ ಮತ್ತು ಮಹಜರಿನ ಪ್ರತಿ ಕೇಳಿ, ನಿಮ್ಮ ಸಮ್ಮುಖದಲ್ಲಿ ಜಂಟಿ ಅಳತೆ ಆಗಬೇಕೆಂದು ಕೋರಿ. ರಾಜಿ ಶುಲ್ಕ ಕಟ್ಟಿ ಮುಗಿಸುವ ಅವಕಾಶ ಕಾಯ್ದೆಯಲ್ಲಿದೆ. ಆದರೆ ನೀವು ಅಗೆಯದೇ ಇದ್ದಾಗ ರಾಜಿಗೆ ಒಪ್ಪುವ ಮೊದಲು ವಕೀಲರನ್ನು ಕಾಣಿ.

ಸರ್ಕಾರವೇ ನಿಮ್ಮ ಜಮೀನಿನ ಮೇಲೆ ಪ್ರಧಾನ ಖನಿಜದ ಗುತ್ತಿಗೆ ಕೊಟ್ಟರೆ 1957ರ ಕಾಯ್ದೆಯ 24ಎ ಕಲಂ ಓದಿಸಿ. ಗುತ್ತಿಗೆದಾರ ಮೇಲ್ಮೈಯ ಅನುಭೋಗದಾರನಿಗೆ ಪರಿಹಾರ ಕೊಡಲೇಬೇಕು. ಕೃಷಿ ಜಮೀನಿಗೆ ಅಂಥದೇ ಜಮೀನಿನ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಆದಾಯವೇ ಅಳತೆಗೋಲು. ಎಪಿಎಂಸಿ ಚೀಟಿ, ಬೆಳೆವಿಮೆ ಕಾಗದ, ಉತಾರದ ಬೆಳೆ ಕಾಲಂ ಇಲ್ಲಿ ದುಡ್ಡಾಗುತ್ತವೆ. ಉತಾರದಲ್ಲಿ ಬೆಳೆ ತಪ್ಪಾಗಿ ನಮೂದಾಗಿದ್ದರೆ ಈ ಹಂಗಾಮಿನ ಬೆಳೆ ಸಮೀಕ್ಷೆಯಲ್ಲೇ ಸರಿಪಡಿಸಿಕೊಳ್ಳಿ.